ಹಿತ್ತಿಲಿದೆ, ಹಿತ್ತಲ ಬಾಗಿಲಿಲ್ಲ: ದುರ್ಗದ ಹಳೇ ಪೇಟೆಯಿಂದ ಒಂದು ಬಹಿರಂಗ ಪತ್ರ

ಚಿತ್ರದುರ್ಗದ ಆಡಳಿತ ನೋಡಿಕೊಳ್ಳುವ ಎಲ್ಲರಿಗೂ, ಜೊತೆಗೆ ನಮ್ಮ ಪೇಟೆ ಜನಕ್ಕೂ,

ನಮಸ್ಕಾರ.

ನಾನು ಕೋಟೆ ಬುಡದ ಹಳೇ ಪೇಟೆಯವನು. ದೊಡ್ಡಪೇಟೆ ಹತ್ತಿರದ ಒಂದು ಸಂದಿಯಲ್ಲಿ ನಮ್ಮ ಮನೆ. ಅಗಲ ಹದಿಮೂರು ಅಡಿ, ಉದ್ದ ಐವತ್ತೆರಡು. ಎಡಗೋಡೆಯಲ್ಲಿ ಎಡಗಡೆ ಮನೆಯವರದ್ದು ಅರ್ಧ ಪಾಲು, ಬಲಗೋಡೆಯಲ್ಲಿ ಬಲಗಡೆಯವರದ್ದು. ಹಿಂದಿನ ಗೋಡೆಗೆ ಹಿಂದಿನ ಬೀದಿಯವರ ಬಚ್ಚಲು ಅಂಟಿಕೊಂಡಿದೆ. ಪೂರ್ತಿ ನಮ್ಮದು ಅಂತ ಹೇಳಿಕೊಳ್ಳೋಕೆ ಇರೋದು ಮುಂದಿನ ಗೋಡೆ ಒಂದೇ. ಅದರ ಮೇಲೂ ಪ್ರತಿ ಚುನಾವಣೆಗೆ ಯಾರಾದರೂ ಪೋಸ್ಟರ್ ಅಂಟಿಸಿ ಹೋಗುತ್ತಾರೆ.

ಮಾಳಿಗೆ ಮನೆ. ನಡುವೆ ಒಂದು ಬೆಳಕಿಂಡಿ. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ಅಲ್ಲಿಂದ ಇಳಿದು, ಒಂದು ಚೌಕದ ಹಾಗೆ ನೆಲದ ಮೇಲೆ ಕೂತು, ಮಧ್ಯಾಹ್ನದ ಹೊತ್ತಿಗೆ ಗೋಡೆ ಹತ್ತಿ ಹೋಗಿಬಿಡುತ್ತದೆ. ನಮ್ಮ ಮನೆಗೆ ದಿನಕ್ಕೆ ಸಿಗುವ ಆಕಾಶ ಅಷ್ಟೇ. ನಾವು ಏಳು ಜನ.

ಇದನ್ನೆಲ್ಲ ಅಳಲು ಅಂತ ಹೇಳುತ್ತಿಲ್ಲ. "ಯಾಕೆ ಅಲ್ಲಿ ಒದ್ದಾಡ್ತೀರಿ, ಊರಾಚೆ ಲೇಔಟಲ್ಲಿ ಒಂದು ಸೈಟ್ ತಗೊಳ್ಳಿ" ಅಂತ ಬುದ್ಧಿ ಹೇಳುವವರಿಗೆ ಬರವಿಲ್ಲ. ನನ್ನ ತಮ್ಮ ಹಾಗೇ ಹೋದ. ಅವನ ಮನೆ ಸುತ್ತ ನಾಲ್ಕು ಕಡೆ ಜಾಗ ಇದೆ, ಒಂದು ಪೇರಲ ಗಿಡವೂ ಇದೆ. ಆದರೆ ಕೊತ್ತಂಬರಿ ಸೊಪ್ಪು ತರೋಕೂ ಸ್ಕೂಟರ್ ತೆಗೆಯಬೇಕು. ಅವನ ಹೆಂಡತಿಗೆ ರಾತ್ರಿ ಎದೆ ನೋವು ಬಂದಾಗ ಪಕ್ಕದ ಸೈಟಿನಲ್ಲಿ ಮನೆಯೇ ಇರಲಿಲ್ಲ, ಬರೀ ಜಾಲಿ. ನಮ್ಮಲ್ಲಿ ಒಬ್ಬರು ಜೋರಾಗಿ ಕೆಮ್ಮಿದರೆ ಮೂರು ಮನೆಯವರು "ಏನಾತು?" ಅಂತ ಕೇಳುತ್ತಾರೆ. ಒಗ್ಗರಣೆ ವಾಸನೆ ಮೇಲೆ ಇವತ್ತು ಯಾರ ಮನೆಯಲ್ಲಿ ಏನು ಅಡುಗೆ ಅಂತ ಹೇಳಬಹುದು. ದರ್ಜಿ, ಗಿರಣಿ, ಔಷಧಿ ಅಂಗಡಿ, ಮಿರ್ಚಿ ಮಂಡಕ್ಕಿ, ಎಲ್ಲಾ ಕಾಲಳತೆಯಲ್ಲಿ. ಒತ್ತೊತ್ತಾಗಿ ಬದುಕೋದು ಕಷ್ಟ ನಿಜ, ತಪ್ಪಂತೂ ಅಲ್ಲ.

ಹೀಗೆ ಬದುಕುವವರಿಗೆ ಒಂದು ಹಿತ್ತಿಲು ಬೇಕಾಗುತ್ತದೆ. ಮನೆ ಹಿಂದೆ ಇಲ್ಲದಿದ್ದರೆ ಊರಿನ ಹಿಂದೆಯಾದರೂ ಇರಬೇಕು.

ದುರ್ಗದ ವಿಶೇಷ ಏನಂದರೆ ಅಂಥ ಹಿತ್ತಿಲು ನಮಗೆ ಇದೆ. ಇಡೀ ರಾಜ್ಯದಲ್ಲಿ ಇಷ್ಟು ದೊಡ್ಡ ಹಿತ್ತಿಲು ಇರುವ ಹಳೇ ಪೇಟೆಗಳು ಜಾಸ್ತಿ ಇರಲಾರವು. ಮನೆ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿದರೆ ಏಳು ಸುತ್ತಿನ ಕೋಟೆಯ ಬಂಡೆಗಳು. ಆ ಕಡೆ ಇಳಿದರೆ ಚಂದ್ರವಳ್ಳಿ ಕೆರೆ. ಇನ್ನೂ ಆಚೆ ಜೋಗಿಮಟ್ಟಿ ಕಾಡು, ಆಡುಮಲ್ಲೇಶ್ವರದ ಕಿರು ಮೃಗಾಲಯ. ಪೇಟೆ ಒಳಗೇ ಸಂತೆಹೊಂಡ, ಸಿಹಿನೀರು ಹೊಂಡ. ನಮಗೆ ಸಮುದ್ರ ಇಲ್ಲ, ಬೀಚ್ ಇಲ್ಲ. ಹತ್ತಿರದ ಸಮುದ್ರಕ್ಕೆ ಘಟ್ಟ ಇಳಿಯಬೇಕು. ಆದರೆ ಸಂಜೆ ಐದೂವರೆಗೆ ಚಂದ್ರವಳ್ಳಿ ನೀರಿನ ಮೇಲಿಂದ ಗಾಳಿ ಬರುವಾಗ ಸಮುದ್ರ ನೆನಪಾಗೋದಿಲ್ಲ.

ನಾನು ಸಮುದ್ರದ ಪಕ್ಕ ಬದುಕಿದವನು ಅನ್ನೋದಕ್ಕೆ ಈ ಮಾತು ಹೇಳಿದೆ. ಕೆಲಸದ ಮೇಲೆ ಹನ್ನೊಂದು ವರ್ಷ ಮುಂಬೈನಲ್ಲಿದ್ದೆ, ದಾದರ್‌ನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮಹಡಿಗೊಂದು ಶೌಚಾಲಯ. ಈಗಿನ ಮನೆ ಅದರ ಮುಂದೆ ಅರಮನೆ. ಆದರೂ ಅಲ್ಲಿ ನಮಗೆ ಉಸಿರು ಕಟ್ಟಲಿಲ್ಲ. ಕಾರಣ ಎರಡು. ಒಂದು ಕಡೆ ನಡೆದರೆ ಐದಾರು ನಿಮಿಷಕ್ಕೆ ಸಮುದ್ರ ದಂಡೆ. ಅದರ ಹತ್ತಿರವೇ ಶಿವಾಜಿ ಪಾರ್ಕ್.

ದಾದರ್ ದಂಡೆ ಏನು ಅಂಥ ಚಂದ ಇರಲಿಲ್ಲ. ಉಬ್ಬರ ಬಂದರೆ ಕೂರೋಕೆ ಮರಳೇ ಉಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಊರು ಎಸೆದ ಪ್ಲಾಸ್ಟಿಕ್ಕನ್ನು ಸಮುದ್ರ ಹಾಗೇ ವಾಪಸ್ ತಂದು ಹಾಕುತ್ತಿತ್ತು. ಲೆಕ್ಕ ಚುಕ್ತಾ. ನನಗೆ ನೆನಪಿರುವುದು ಪಾರ್ಕಿನ ಕಟ್ಟೆ. ಶಿವಾಜಿ ಪಾರ್ಕ್ ಸುಮಾರು 28 ಎಕರೆ ಮೈದಾನ. 1925ರಲ್ಲಿ ಜನರಿಗೆ ಬಿಟ್ಟದ್ದು. ಆಗ ಮಾಹಿಮ್ ಪಾರ್ಕ್ ಅಂತಿದ್ದರು, 1927ರಲ್ಲಿ ಈಗಿನ ಹೆಸರು ಬಂತು. ಸಚಿನ್ ತೆಂಡೂಲ್ಕರ್ ಬ್ಯಾಟ್ ಹಿಡಿದು ಕಲಿತದ್ದು ಅಲ್ಲೇ. ಮೈದಾನದ ಸುತ್ತ ಮೊಳಕಾಲೆತ್ತರದ ಒಂದು ಗೋಡೆ ಇದೆ, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಮರಾಠಿಯವರು ಅದಕ್ಕೆ 'ಕಟ್ಟಾ' ಅನ್ನುತ್ತಾರೆ. ನಮ್ಮ ಕಟ್ಟೆಯೇ. ಸಂಜೆ ಆದರೆ ಇಡೀ ದಾದರ್ ಅದರ ಮೇಲೆ. ಸೊಸೆ ಮೇಲೆ ದೂರು ಹೇಳುವ ಅತ್ತೆ ಇಲ್ಲಿ, ಅತ್ತೆ ಮೇಲೆ ದೂರು ಹೇಳುವ ಸೊಸೆ ಅಲ್ಲಿ, ನಡುವೆ ಪರೀಕ್ಷೆಗೆ ಓದುವ ಹುಡುಗ. ಟಿಕೆಟ್ ಇಲ್ಲ, "ಇಷ್ಟು ಹೊತ್ತಿಗೆ ಎದ್ದೇಳಿ" ಅನ್ನುವವರಿಲ್ಲ.

ಆ ಕಟ್ಟೆ ಮೇಲೆ ಕೂತಾಗೆಲ್ಲ ನನಗೆ ದುರ್ಗ ನೆನಪಾಗುತ್ತಿತ್ತು. ಇಷ್ಟು ಸಣ್ಣ ಜಾಗ ಇಟ್ಟುಕೊಂಡು ಇವರು ಇಷ್ಟು ಸುಖವಾಗಿದ್ದಾರಲ್ಲ, ನಮ್ಮಲ್ಲಿ ಬೆಟ್ಟ, ಕೆರೆ, ಕಾಡು ಮೂರೂ ಇವೆ. ನಿವೃತ್ತಿ ಆಗಲಿ, ವಾಪಸ್ ಹೋಗಿ ದಿನಾ ಚಂದ್ರವಳ್ಳಿಗೆ ನಡೆದು ಹೋಗುತ್ತೇನೆ ಅಂದುಕೊಂಡಿದ್ದೆ.

ವಾಪಸ್ ಬಂದೆ. ನಡೆಯೋಕೆ ಹೊರಟೆ. ಪತ್ರ ಶುರುವಾಗೋದು ಇಲ್ಲಿಂದ.

ನಮ್ಮ ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಪ್ಪತ್ತೆಂಟು ದಾಟಿದೆ. ಕೈಯಲ್ಲೊಂದು ಕೋಲು, ಕೆಳಗೆ ಕಪ್ಪು ರಬ್ಬರ್ ಬುಷ್ ಹಾಕಿದ್ದು. ನಾನು ಬೆಳಿಗ್ಗೆ ಶೂ ಕಟ್ಟಿಕೊಳ್ಳುವಾಗ ದಿನಾ ಕೇಳುತ್ತಿದ್ದರು, "ಎಲ್ಲಿಗಪ್ಪಾ?" "ಚಂದ್ರವಳ್ಳಿಗೆ ಅಜ್ಜಿ." "ಕೆರೆ ನೋಡಿ ಎಷ್ಟು ವರ್ಷ ಆತೋ. ನನ್ನೂ ಕರಕೊಂಡು ಹೋಗು." ಆಟೋದಲ್ಲಿ ಹೋಗೋಣ ಅಂದರೆ ಬೇಡ. "ಆಟೋದಾಗೆ ಹೋಗಿ ನೋಡಾಕೆ ನಾನೇನು ಬೆಂಗಳೂರಿಂದ ಬಂದಿದ್ದೀನೇನು? ಲಗ್ನ ಆಗಿ ಬಂದ ವರ್ಷ ನಡಕಂಡೇ ಹೋಗಿದ್ದೆ." ಸರಿ, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು.

ನನ್ನ ಹೆಜ್ಜೆಗೆ ಅದು ನಲವತ್ತು ನಿಮಿಷದ ದಾರಿ. ಅಜ್ಜಿಗೆ ಒಂದೂವರೆ ತಾಸು ಆಗಬಹುದು ಅಂತ ಲೆಕ್ಕ ಹಾಕಿದ್ದೆ. ಪೇಟೆ ಸಂದಿಗಳಲ್ಲಿ ಏನೂ ತೊಂದರೆ ಆಗಲಿಲ್ಲ. ಗಾಡಿ ವೇಗವಾಗಿ ಬರೋಕೆ ಜಾಗವೇ ಇಲ್ಲ, ಜನರೂ ಪರಿಚಯ. ನಾಲ್ಕು ಕಡೆ ನಿಂತು ಮಾತಾಡಿದರು. ದೊಡ್ಡ ರಸ್ತೆಗೆ ಬಂದ ಮೇಲೆ ಕಷ್ಟ. ಫುಟ್‌ಪಾತ್ ಇದೆ. ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದನ್ನು ಹತ್ತಬೇಕಲ್ಲ? ಅಜ್ಜಿ ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈ ಕೋಲಿನ ಮೇಲೆ ಇಟ್ಟು, "ಅವ್ವಾ" ಅಂತ ಹತ್ತಿದರು. ಹತ್ತು ಹೆಜ್ಜೆಗೆ ಒಂದು ಅಂಗಡಿಯ ಇಳಿಜಾರು, ಇಳಿದರು. ಮತ್ತೆ ಹತ್ತಿದರು. ಟ್ರಾನ್ಸ್‌ಫಾರ್ಮರ್ ಬಂತು, ಇಳಿದರು. ತಳ್ಳುಗಾಡಿ, ಇಳಿದರು. ಜಲ್ಲಿ ರಾಶಿ, ಇಳಿದರು. ಅರ್ಧ ದಾರಿಯವರೆಗೆ ಮೂವತ್ತೊಂದು ಸಲ ಎಣಿಸಿದೆ. ಆಮೇಲೆ ಎಣಿಸೋಕೆ ಮನಸ್ಸಾಗಲಿಲ್ಲ.

ಒಂದು ಕಡೆ ಚರಂಡಿ ಮೇಲಿನ ಎರಡು ಚಪ್ಪಡಿಗಳ ನಡುವೆ ಬಿರುಕು ಬಿಟ್ಟಿತ್ತು. ಅಜ್ಜಿಯ ಕೋಲು ಸರಿಯಾಗಿ ಅದರೊಳಗೇ ಹೋಯಿತು. ಎಳೆದರೆ ಕೋಲು ಬಂತು, ರಬ್ಬರ್ ಬುಷ್ ಬರಲಿಲ್ಲ. ಬಗ್ಗಿ ನೋಡಿದೆ. ಕಪ್ಪು ನೀರಿನ ಮೇಲೆ ಕಪ್ಪು ಬುಷ್ ತೇಲಿಕೊಂಡು ಹೋಗುತ್ತಿತ್ತು. ಬುಷ್ ಇಲ್ಲದ ಕೋಲು ಕಲ್ಲಿನ ಮೇಲೆ ಜಾರುತ್ತದೆ. ಅಜ್ಜಿ ಮುಚ್ಚಿದ ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತರು. ಆ ಇಡೀ ದಾರಿಯಲ್ಲಿ ಕೂರೋಕೆ ಸಿಕ್ಕಿದ್ದು ಆ ಮೆಟ್ಟಿಲು ಒಂದೇ, ಅದೂ ಭಾನುವಾರ ಆಗಿದ್ದಕ್ಕೆ. "ಕೆರೆ ಎಲ್ಲೂ ಹೋಗಲ್ಲ ಬಿಡಪ್ಪ, ಇನ್ನೊಂದಿನ ನೋಡಿದರಾತು" ಅಂದರು. ಆಟೋ ಹಿಡಿದು ಮನೆಗೆ ಬಂದೆವು.

ಮಾರನೇ ದಿನ ನಾನು ಟೇಪು ತಗೊಂಡು ಹೋದೆ. ವಯಸ್ಸಾದವರಿಗೆ ಕೆಲಸ ಇಲ್ಲದಿದ್ದರೆ ಹೀಗೇ ಆಗೋದು, ನಗಬೇಡಿ. ಫುಟ್‌ಪಾತ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಬರೆದಿಟ್ಟಿದ್ದಾರೆ, ಐಆರ್‌ಸಿ 103 ಅಂತ ಅದರ ಹೆಸರು. ನಡೆಯೋಕೆ ಅಡೆತಡೆ ಇಲ್ಲದ ಅಗಲ ಕಡಿಮೆ ಅಂದರೂ 1.8 ಮೀಟರ್ ಇರಬೇಕು. ಅಂದರೆ ಆರು ಅಡಿ, ಇಬ್ಬರು ಎದುರು ಬದುರು ಬಂದರೂ ಭುಜ ತಾಗದ ಹಾಗೆ. ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಆರು ಇಂಚು. ನಾನು ಅಳೆದಲ್ಲಿ ಎತ್ತರ ಒಂದು ಕಡೆ ಒಂದಡಿ ಎರಡು ಇಂಚು ಬಂತು. ಟ್ರಾನ್ಸ್‌ಫಾರ್ಮರ್ ಪಕ್ಕ ಉಳಿದ ಅಗಲ ಒಂದಡಿ ಒಂಬತ್ತು ಇಂಚು. ನಮ್ಮ ಅಜ್ಜಿ ತೆಳ್ಳಗಿದ್ದಾರೆ, ಹೇಗೋ ನುಸುಳಬಹುದು. ಕೈಯಲ್ಲಿ ಮಗು ಎತ್ತಿಕೊಂಡ ತಾಯಿ ಏನು ಮಾಡಬೇಕು?

ಸ್ವಾಮಿ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಮಗೆ ಹೊಸ ಪಾರ್ಕ್ ಬೇಡ. ಇರುವುದಕ್ಕೆ ಹೋಗುವ ದಾರಿ ಕೊಡಿ. ಹಿತ್ತಿಲು ಇದೆ, ಹಿತ್ತಲ ಬಾಗಿಲು ತೆಗೆಯಿರಿ.

ಊರಿಗೆ ಎಷ್ಟು ಹಸಿರು ಇದೆ ಅಂತ ತಲೆಗೆ ಇಷ್ಟು ಚದರ ಮೀಟರ್ ಲೆಕ್ಕ ಹಾಕುವ ಪದ್ಧತಿ ಇದೆ. ಜೋಗಿಮಟ್ಟಿ, ಕೋಟೆ, ಚಂದ್ರವಳ್ಳಿ ಸೇರಿಸಿ ಲೆಕ್ಕ ಹಾಕಿದರೆ ನಾವು ಭಾರೀ ಶ್ರೀಮಂತರು. ಆದರೆ ಬೆಳಕಿಂಡಿ ಕೆಳಗೆ ಕೂತ ಅಜ್ಜಿಯ ಪಾಲಿಗೆ ಬಂದ ಚದರ ಮೀಟರ್ ಎಷ್ಟು? ಬೈಕ್ ಇರುವ ಹುಡುಗರು ಐದು ನಿಮಿಷಕ್ಕೆ ಕೆರೆ ಮುಟ್ಟುತ್ತಾರೆ. ಕಾರಿನವರು ಆಡುಮಲ್ಲೇಶ್ವರಕ್ಕೆ ಹೋಗಿ ಮಕ್ಕಳಿಗೆ ಪ್ರಾಣಿ ತೋರಿಸಿ ಬರುತ್ತಾರೆ. ಹೋಗೋಕೆ ಆಗದೇ ಇರೋದು ಯಾರಿಗೆ ಹಿತ್ತಿಲು ನಿಜವಾಗಿ ಬೇಕೋ ಅವರಿಗೇ. ಮನೆಯಲ್ಲಿ ಜಾಗ ಇಲ್ಲದವರಿಗೆ, ಗಾಡಿ ಇಲ್ಲದವರಿಗೆ, ಮಂಡಿ ನೋವಿನವರಿಗೆ, ಚೆಂಡು ಹಿಡಿದು ಸಂದಿಯಲ್ಲಿ ನಿಂತು ಬೈಸಿಕೊಳ್ಳುವ ಹುಡುಗರಿಗೆ.

ಹೆಂಗಸರ ವಿಷಯ ಬೇರೆಯೇ ಇದೆ. ಗಂಡಸರಿಗೆ ಪೇಟೆಯಲ್ಲಿ ಕಟ್ಟೆಗೇನು ಕಡಿಮೆ? ದೇವಸ್ಥಾನದ ಕಟ್ಟೆ, ಟೀ ಅಂಗಡಿ ಬೆಂಚು, ಕ್ಷೌರದಂಗಡಿ. ಹೆಂಗಸರು ಮನೆ ಬಾಗಿಲ ಮೆಟ್ಟಿಲು ಬಿಟ್ಟರೆ ಎಲ್ಲಿ ಕೂರಬೇಕು? ನಮ್ಮ ಸೊಸೆ ಕೆಲಸ ಮುಗಿಸಿ ಮನೆಗೆ ಬರುವಾಗ ಆರೂವರೆ. ಅವಳಿಗೂ ಒಂದು ಅರ್ಧ ತಾಸು ಗಾಳಿಗೆ ನಡೆಯೋ ಆಸೆ. "ಮಾವ, ದೀಪ ಇಲ್ಲದ ಕಡೆ ಹೋಗಲ್ಲ. ಬಾತ್‌ರೂಮ್ ಇಲ್ಲದ ಕಡೆ ಒಂದು ತಾಸಿಗಿಂತ ಜಾಸ್ತಿ ಇರಲ್ಲ" ಅಂದಳು ಒಂದು ದಿನ. ನಾನು ಅರವತ್ತು ವರ್ಷದಲ್ಲಿ ಯೋಚನೆ ಮಾಡದ ವಿಷಯ ಅದು. ಗಂಡಸರಿಗೆ ಇಡೀ ಊರೇ ಶೌಚಾಲಯ, ನಾಚಿಕೆಗೇಡು. ಬೀಗ ಹಾಕದ, ನೀರು ಬರುವ ಒಂದು ಶೌಚಾಲಯ ಕೆರೆ ಹತ್ತಿರ ಇದ್ದರೆ ಅದು ನೂರು ಕಾರಂಜಿಗೆ ಸಮ.

ಬೇಸಿಗೆ ಬಗ್ಗೆ ಒಂದು ಮಾತು. ದುರ್ಗದ ಬಂಡೆ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಹೊತ್ತು ಅದನ್ನು ಬಿಡುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ನಮ್ಮ ಮುಂದಿನ ಗೋಡೆ ಮೇಲೆ ಕೈ ಇಟ್ಟರೆ ಬೆಚ್ಚಗಿರುತ್ತದೆ, ಆಗ ತಾನೇ ಇಳಿಸಿದ ಕಾವಲಿ ಹಾಗೆ. ಮೊದಲೆಲ್ಲ ಮಾಳಿಗೆ ಮಣ್ಣು ಸ್ವಲ್ಪ ತಡೆಯುತ್ತಿತ್ತು. ಈಗ ಅಕ್ಕಪಕ್ಕ ಎಲ್ಲಾ ಆರ್‌ಸಿಸಿ. ನೀರಿನ ಹತ್ತಿರ, ಮರದ ಕೆಳಗೆ ಒಂದು ತಾಸು ಕೂತು ಬಂದರೆ ನಿದ್ದೆ ಹತ್ತುತ್ತದೆ, ಇಲ್ಲವಾದರೆ ಹೊರಳಾಟ. ಹಾಗಾಗಿ ಆ ದಾರಿಗೆ ಮರ ಹಾಕುವುದಾದರೆ ದಯವಿಟ್ಟು ನೆರಳು ಕೊಡುವ ಮರ ಹಾಕಿ. ಹೊಂಗೆ, ಬೇವು, ಅರಳಿ. ಆ ಉದ್ದುದ್ದ ಪಾಮ್ ಗಿಡ ಬೇಡ. ಅದರ ನೆರಳಲ್ಲಿ ಅದು ತಾನೇ ನಿಲ್ಲೋಕಾಗಲ್ಲ.

ಈಗ ಸ್ವಲ್ಪ ಇತಿಹಾಸ. ಬೇಡ ಅನ್ನುವವರು ಈ ಪ್ಯಾರಾ ಬಿಟ್ಟು ಓದಿ, ದುರ್ಗದವನು ಪತ್ರ ಬರೆದ ಮೇಲೆ ಕೋಟೆ ಬರದೆ ಇರೋದಿಲ್ಲ. ಚಂದ್ರವಳ್ಳಿಯಲ್ಲಿ ಒಂದು ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿದೆ, ಮೂರೇ ಸಾಲು. ಪಲ್ಲವರು, ಆಭೀರರು, ಪುನ್ನಾಟದವರು ಅಂತ ಅವನು ಗೆದ್ದವರ ಪಟ್ಟಿಯೇ ಅದರಲ್ಲಿದೆ. ಅಷ್ಟೆಲ್ಲಾ ಗೆದ್ದವನು ಇಲ್ಲಿ ಕಲ್ಲು ಕೆತ್ತಿಸಿದ್ದು ಯಾವುದಕ್ಕೆ ಗೊತ್ತಾ? ಒಂದು ಕೆರೆ ಕೆಲಸ ಮಾಡಿಸಿದ್ದಕ್ಕೆ. ಹಳೇ ಕಾಲದ ಕುರುಹು ಹುಡುಕೋಕೆ ಪುರಾತತ್ವದವರಾದ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಅಲ್ಲೇ ಅಗೆದರು. ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕವು. ಆಮೇಲೆ ಬಂದ ನಾಯಕರ ಕಾಲದಲ್ಲಿ ಕೋಟೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕತಂಗಿ ಹೊಂಡಕ್ಕೆ ಇಳಿದು, ಸಿಹಿನೀರು ಹೊಂಡ, ಸಂತೆಹೊಂಡ ಅಂತ ಪೇಟೆಯವರೆಗೂ ಬರುವ ಹಾಗೆ ಮಾಡಿಟ್ಟರು. ಬೆಟ್ಟದ ನೀರಿಗೆ ಪೇಟೆಗೆ ಬರೋಕೆ ದಾರಿ ಇತ್ತು. ಪೇಟೆ ಜನಕ್ಕೆ ಈಗ ನೀರಿನ ಹತ್ತಿರ ಹೋಗೋಕೆ ದಾರಿ ಇಲ್ಲ.

ಏನು ಮಾಡಬೇಡಿ ಅನ್ನೋದನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಇಂಥ ಪತ್ರ ಓದಿ ಯಾರಾದರೂ ಉತ್ಸಾಹದಿಂದ ಹತ್ತು ಕೋಟಿ ಯೋಜನೆ ಮಾಡಿಬಿಟ್ಟರೆ ಕಷ್ಟ. ಕೆರೆ ಸುತ್ತ ಕಾಂಕ್ರೀಟ್ ಬೇಡ. ದಂಡೆ ಮಣ್ಣು, ಜೊಂಡು ಇದ್ದರೇ ಹಕ್ಕಿ ಬರೋದು. ಸ್ವಾಗತ ಕಮಾನು ಬೇಡ. ಹೃದಯದ ಆಕಾರದ ಸೆಲ್ಫಿ ಚೌಕಟ್ಟು ಬೇಡವೇ ಬೇಡ. ಕಲ್ಲಿನ ಮೇಲೆ ಹೆಸರು ಕೆತ್ತುವವರಿಗೆ ಅದು ಕರೆದು ಮಣೆ ಹಾಕಿದ ಹಾಗೆ. ಜೋಗಿಮಟ್ಟಿ ವಿಷಯದಲ್ಲಂತೂ ನನ್ನದು ಉಲ್ಟಾ ಬೇಡಿಕೆ. ಅದು ವನ್ಯಧಾಮ. ಕರಡಿ, ಚಿರತೆ, ನವಿಲು ಇರುವ ಜಾಗ. ಅಲ್ಲಿಗೆ ನಮಗೆ ಇನ್ನೂ ಸುಲಭದ ದಾರಿ ಬೇಕಾಗಿಲ್ಲ, ರಾತ್ರಿ ದೀಪ ಮೊದಲೇ ಬೇಡ. ಪೇಟೆ ಜನಕ್ಕೆ ಸೀತಾಫಲದ ಕಾಲದಲ್ಲಿ ಬುಟ್ಟಿ ತುಂಬ ಹಣ್ಣು ಕೆಳಗೆ ಬಂದರೆ ಸಾಕು. ಕಾಡು ಕಾಡಾಗಿ ಇರಲಿ, ಅದರ ಗಾಳಿ ನಮ್ಮವರೆಗೂ ಬರುತ್ತದೆ.

ಕೋಟೆ ಹತ್ತಿರ ಇರುವವರ ಇನ್ನೊಂದು ಗೊಣಗಾಟ ನಿಮಗೆ ಗೊತ್ತೇ ಇದೆ. ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಇದು ಬಿಗಿ. ರಿಪೇರಿಗೂ ಓಡಾಡಬೇಕು ಅಂತ ನನ್ನ ಗೆಳೆಯರು ಬೈಯುತ್ತಾರೆ. ಅವರ ಕಷ್ಟ ನಿಜ. ಆದರೂ ನನಗೆ ಅನ್ನಿಸೋದು, ಆ ನಿಯಮ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಕೋಟೆ ಗೋಡೆಗೆ ಬೆನ್ನು ಕೊಟ್ಟು ನಾಲ್ಕಂತಸ್ತು ಎದ್ದಿರುತ್ತಿದ್ದವು. ನನ್ನ ಮೆಟ್ಟಿಲಿಂದ ಬಂಡೆ ಕಾಣುತ್ತಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಟೀ ಅಂಗಡಿಯಲ್ಲಿ ನಾಳೆ ನನಗೆ ಮಂಗಳಾರತಿ ಇದೆ.

ಈಗ ನಮ್ಮ ಪೇಟೆಯವರ ಸರದಿ. ಅಣ್ಣಂದಿರೇ, ಅಕ್ಕಂದಿರೇ, ಬರೀ ಸಾಹೇಬರನ್ನು ಬೈದರೆ ಅರ್ಧ ಸತ್ಯ ಆಗುತ್ತದೆ. ನಾನು ಟೇಪು ಹಿಡಿದು ಹೊರಟ ದಿನ ಫುಟ್‌ಪಾತ್ ಮೇಲೆ ನಿಂತಿದ್ದ ಗಾಡಿಗಳನ್ನೂ ಎಣಿಸಿದೆ. ವಾಪಸ್ ಬರುವಾಗ ಒಂದು ಹಳೇ ಸ್ಕೂಟರ್ ಮುಂದೆ ನಿಂತು "ಯಾವನೋ ಇದು ಇಟ್ಟೋನು" ಅಂತ ಗೊಣಗಿದೆ. ಆಮೇಲೆ ನಂಬರ್ ನೋಡಿದರೆ ನಮ್ಮದೇ. ಮಗ ಹಿಂದಿನ ರಾತ್ರಿ ಇಟ್ಟಿದ್ದ. ನಾನೇ ನೂರು ಸಲ ಅಲ್ಲೇ ಇಟ್ಟಿದ್ದೇನೆ, "ಐದು ನಿಮಿಷ ಅಷ್ಟೇ" ಅಂತ.

ಗಣಪತಿ ಹಬ್ಬ ನಮಗೆ ಬೇಕು, ಡೊಳ್ಳೂ ಬೇಕು. ಚಂದ್ರವಳ್ಳಿಗೆ ಗಣಪತಿ ಬಿಡೋಕೆ ಊರಿಗೆ ಊರೇ ಹೋಗುವಾಗ ನಾನೂ ಹೋಗುತ್ತೇನೆ. ಆದರೆ ಮಾರನೇ ಬೆಳಿಗ್ಗೆ ಹೋಗಿ ನೋಡಿದ್ದೀರಾ? ಬಣ್ಣದ ನೀರು, ತಟ್ಟೆ, ಲೋಟ, ಒಂದು ಕಾಲು ಚಪ್ಪಲಿ. ಮಣ್ಣಿನ ಗಣಪನಾದರೆ ಕರಗಿ ಹೋಗುತ್ತಾನೆ. ಪ್ಲಾಸ್ಟರ್ ಗಣಪ ಹಾಗಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಸೊಂಡಿಲು ಮೇಲೆ ಮಾಡಿ ನಮ್ಮನ್ನೇ ನೋಡುತ್ತಾನೆ. ಹುಟ್ಟುಹಬ್ಬಕ್ಕೆ ಕೆರೆ ಹತ್ತಿರ ಕೇಕ್ ಕತ್ತರಿಸಿ ಡಬ್ಬಿ ಅಲ್ಲೇ ಬಿಟ್ಟು ಬರುವ ಹುಡುಗರಿಗೆ ಏನು ಹೇಳೋದು? ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮ್ಮನ್ನು ನೋಡಿಯೇ ಮಾಡಿದ್ದಿರಬೇಕು. ಹಂಪಿಗೆ ಹೋದರೆ ಚಪ್ಪಲಿ ಬಿಟ್ಟು ನಡೆಯುವ ನಾವು ನಮ್ಮ ಬಂಡೆ ಮೇಲೆ ಗುಟ್ಕಾ ಉಗಿಯುತ್ತೇವೆ.

ಅರ್ಜಿ ಕೊಟ್ಟಿಲ್ಲವಾ ಅಂತ ಕೇಳಬೇಡಿ, ಕೊಟ್ಟಿದ್ದೇನೆ. ಒಂದು ಕಚೇರಿಯಲ್ಲಿ ರಸ್ತೆ ನಮ್ಮದು, ಚರಂಡಿ ಅವರದ್ದು ಅಂದರು. ಅವರ ಹತ್ತಿರ ಹೋದರೆ ಚರಂಡಿ ನಮ್ಮದು, ಮೇಲಿನ ಚಪ್ಪಡಿ ರಸ್ತೆಯವರದ್ದು ಅಂದರು. ಟ್ರಾನ್ಸ್‌ಫಾರ್ಮರ್‌ಗೆ ಮೂರನೆಯವರು, ಮರಕ್ಕೆ ನಾಲ್ಕನೆಯವರು. ಯಾರೂ ಕೆಟ್ಟ ಮಾತಾಡಲಿಲ್ಲ, ಕೂರಿಸಿ ಟೀ ಕೊಟ್ಟರು. ಹೆಸರು ಹೇಳಿ ಯಾರ ಮೇಲೂ ಗೂಬೆ ಕೂರಿಸೋ ಆಸೆ ನನಗಿಲ್ಲ. ಆದರೆ ಅಜ್ಜಿ ನಡೆಯೋದು ಒಂದೇ ದಾರಿ. ಅದು ನಾಲ್ಕು ಫೈಲಾಗಿ ಹಂಚಿಹೋಗಿದೆ. ಪೇಟೆಯಿಂದ ಕೆರೆವರೆಗಿನ ಆ ದಾರಿಗೆ ಒಬ್ಬರೇ ಒಬ್ಬ ಅಧಿಕಾರಿಯನ್ನು ಹೊಣೆ ಮಾಡಿ. ಚಪ್ಪಡಿ ಬಿರುಕು ಬಿಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಪೇಟೆ ಮಗುವಿಗೂ ಗೊತ್ತಿರಲಿ.

ಖರ್ಚು ಜಾಸ್ತಿ ಆಗಲ್ಲ ಅನ್ನೋದು ನನ್ನ ಅಂದಾಜು. ಎತ್ತರ ಆರು ಇಂಚಿಗೆ ಇಳಿಸಿ. ಅಂಗಡಿ ಮುಂದೆ ಫುಟ್‌ಪಾತ್ ಕತ್ತರಿಸದೆ, ಗಾಡಿಯೇ ಹತ್ತಿ ಇಳಿಯುವ ಹಾಗೆ ಮಾಡಿ. ತಳ್ಳುಗಾಡಿಯವರನ್ನು ಓಡಿಸಬೇಡಿ, ಅವರಿಗೆ ಒಂದು ಜಾಗ ಗುರುತು ಮಾಡಿ. ಅವರಿದ್ದರೇ ಸಂಜೆ ಹೊತ್ತು ಆ ದಾರಿಯಲ್ಲಿ ಬೆಳಕು, ಜನ, ಧೈರ್ಯ. ಡಿವೈಡರ್‌ನಲ್ಲಿ ನಡೆಯುವವರು ದಾಟೋಕೆ ಎರಡು ಕಡೆ ಸಂದು ಬಿಡಿ. ಇನ್ನೂರು ಹೆಜ್ಜೆಗೊಂದು ಕಲ್ಲು ಬೆಂಚು. ಅದಕ್ಕೆ ಟೆಂಡರ್ ಕರೆದು ಬಣ್ಣದ ಫೈಬರ್ ತರಬೇಡಿ, ಕಲ್ಲಿನ ಊರಲ್ಲಿ ಕಲ್ಲಿಗೆ ಬರವಾ? ಕರುವಿನಕಟ್ಟೆ ಅಂತ ಜಾಗಕ್ಕೆ ಹೆಸರಿಟ್ಟುಕೊಂಡ ಊರು ನಮ್ಮದು, ಕಟ್ಟೆ ಅಂದರೆ ಏನು ಅಂತ ದಾದರ್‌ನಿಂದ ಕಲಿಯಬೇಕಾಗಿಲ್ಲ. ಕೆರೆ ದಂಡೆ ಮೇಲೂ ಒಂದಷ್ಟು ಉದ್ದಕ್ಕೆ ಮೊಳಕಾಲೆತ್ತರದ ಕಟ್ಟೆ ಇದ್ದರೆ ಅತ್ತೆ ಸೊಸೆ ಬೇರೆ ಬೇರೆ ತುದಿಯಲ್ಲಿ ಕೂರಬಹುದು.

ನಿಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಪೇಟೆಗೆ ಬನ್ನಿ. ಜೀಪು ಗಾಂಧಿ ಸರ್ಕಲ್ ಹತ್ತಿರವೇ ಬಿಟ್ಟು ನಡೆದು ಬನ್ನಿ. ನಾನು ಟೇಪು ತರುತ್ತೇನೆ. ದಾರಿಯಲ್ಲಿ ಕೂರೋಕೆ ಒಂದು ಮಡಚುವ ಸ್ಟೂಲೂ ತರುತ್ತೇನೆ, ಈ ಸಲ ಅಂಗಡಿ ಮೆಟ್ಟಿಲು ನಂಬಿಕೊಳ್ಳೋದಿಲ್ಲ. ಅಜ್ಜಿಗೆ ಹೇಳಿ ಆಗಿದೆ. ಕೋಲಿಗೆ ಹೊಸ ಬುಷ್ ಹಾಕಿಸಿದ್ದೇನೆ. ಒಂದು ಜಾಸ್ತಿ ತಂದು ಜೇಬಲ್ಲಿ ಇಟ್ಟುಕೊಂಡಿದ್ದೇನೆ.

ಇಂತಿ,
ಕೋಟೆ ಬುಡದ ಹಳೇ ಪೇಟೆಯ ಒಬ್ಬ ನಿವಾಸಿ
ಚಿತ್ರದುರ್ಗ